ಕೊಂದವನು ಒಬ್ಬ, ಮುಖ ಎರಡು

ಡೇವಿಡ್ ಲಿಂಚ್ ತೀರಿಕೊಂಡರು, ‘ಟ್ವಿನ್ ಪೀಕ್ಸ್’ನ ಗುಟ್ಟು ಬಿಟ್ಟುಕೊಡಲಿಲ್ಲ. ಅಲ್ಲಿ ಗುಟ್ಟು ಅನ್ನುವುದು ನಿಜಕ್ಕೂ ಇತ್ತೇ?

ಮೂರನೇ ಕಂತಿನಲ್ಲೇ ಪತ್ತೇದಾರನಿಗೆ ಉತ್ತರ ಸಿಕ್ಕಿಬಿಡುತ್ತದೆ. ಎಫ್‌ಬಿಐ ಏಜೆಂಟ್ ಡೇಲ್ ಕೂಪರ್‌ಗೆ ಒಂದು ಕನಸು: ಕೆಂಪು ಪರದೆಗಳ ಕೋಣೆ, ಕಪ್ಪು-ಬಿಳುಪಿನ ಅಂಕುಡೊಂಕು ನೆಲ, ಕೆಂಪು ಸೂಟಿನ ಕುಳ್ಳ ಮನುಷ್ಯ, ಪಕ್ಕದಲ್ಲಿ ಕೊಲೆಯಾದ ಲಾರಾ ಪಾಮರ್. ಅವಳು ಲಾರಾಳೇ ಹೌದೋ, ಅವಳನ್ನು ಹೋಲುವ ಇನ್ಯಾರೋ ಅನ್ನುವುದೂ ಖಚಿತವಿಲ್ಲ. ಬಗ್ಗಿ ಅವನ ಕಿವಿಯಲ್ಲಿ ಕೊಲೆಗಾರನ ಹೆಸರು ಉಸುರುತ್ತಾಳೆ. ಕೂಪರ್ ಎದ್ದವನೇ ಊರಿನ ಶೆರಿಫ್‌ಗೆ ಫೋನ್ ಹಚ್ಚಿ, ಕೊಂದವರು ಯಾರೆಂದು ಗೊತ್ತಾಯಿತು, ಬೆಳಿಗ್ಗೆ ಹೇಳಿದರಾಯಿತು ಅನ್ನುತ್ತಾನೆ. ಬೆಳಗಾಗುವಷ್ಟರಲ್ಲಿ ಹೆಸರು ಮರೆತುಹೋಗಿರುತ್ತದೆ.

ನೋಡುಗರನ್ನು ಹೀಗೆ ಆಟವಾಡಿಸಿದ ಪತ್ತೇದಾರಿ ಧಾರಾವಾಹಿ ಅದಕ್ಕೂ ಮೊದಲು ಅಮೆರಿಕದ ಟಿವಿಯಲ್ಲಿ ಬಂದಿರಲಿಲ್ಲ ಎಂದೇ ನನ್ನ ಅನಿಸಿಕೆ. 1990ರ ಏಪ್ರಿಲ್ 8ರಂದು ಎಬಿಸಿ ವಾಹಿನಿಯಲ್ಲಿ ಶುರುವಾದ ‘ಟ್ವಿನ್ ಪೀಕ್ಸ್’ ಅನ್ನು ಕಟ್ಟಿದವರು ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್. ವಾಷಿಂಗ್ಟನ್ ರಾಜ್ಯದ ಕಾಡಂಚಿನ ಊರು, ನೀರಿನ ದಡದಲ್ಲಿ ಪ್ಲಾಸ್ಟಿಕ್ ಸುತ್ತಿದ ಹದಿಹರೆಯದ ಹುಡುಗಿಯ ಶವ, ಎಲ್ಲರಿಗೂ ಒಂದೊಂದು ಕಳ್ಳ ಬದುಕು. (ಇಲ್ಲಿಂದ ಮುಂದೆ ಕತೆಯ ಗುಟ್ಟೆಲ್ಲ ಬಯಲಾಗುತ್ತದೆ. ನೋಡದವರು ನೋಡಿಯೇ ಓದುವುದು ಒಳ್ಳೆಯದು.)

ಇಲ್ಲಿ ಜೋಡಿಯಿಲ್ಲದ ವಸ್ತುವೇ ಇಲ್ಲ. ಹೆಸರಲ್ಲೇ ಅವಳಿ ಶಿಖರ. ಲಾರಾಳದು ಎರಡು ಡೈರಿ. ಕಾಡಿನಲ್ಲಿ ಎರಡು ಲಾಡ್ಜ್, ಒಂದು ಬಿಳಿ, ಒಂದು ಕಪ್ಪು. ಮೊದಲ ಸೀಸನ್ನಿನ ಪಾತ್ರಗಳು ಮನೆಮನೆಯಲ್ಲಿ ಕೂತು ನೋಡುವ ಒಂದು ಸೋಪ್ ಧಾರಾವಾಹಿಯಿದೆ, ಅದರಲ್ಲೂ ಒಬ್ಬಳೇ ನಟಿ ಅವಳಿಗಳ ಪಾತ್ರ ಮಾಡುತ್ತಾಳೆ. ಲಾರಾ ಪಾತ್ರದ ಶೆರಿಲ್ ಲೀ ಅವರನ್ನು ಸಿಯಾಟಲ್‌ನಿಂದ ಕರೆಸಿದ್ದೇ ಹೆಣವಾಗಿ ಮಲಗಲು. ಲಿಂಚ್‌ಗೆ ಅವರ ನಟನೆ ಹಿಡಿಸಿತು. ಸತ್ತವಳನ್ನು ಮತ್ತೆ ತರುವಂತಿಲ್ಲವಾದ್ದರಿಂದ ಕಪ್ಪು ಕೂದಲಿನ ಕಸಿನ್ ಮ್ಯಾಡಿ ಫರ್ಗೂಸನ್ ಹುಟ್ಟಿದಳು. ಆ ಹೆಸರಿನ ಎರಡೂ ತುಂಡುಗಳು ಹಿಚ್‌ಕಾಕ್‌ನ ‘ವರ್ಟಿಗೋ’ದಿಂದ ಬಂದವು, ಅದೂ ಒಬ್ಬಳನ್ನು ಇನ್ನೊಬ್ಬಳಾಗಿಸಲು ಹಟ ಹಿಡಿದ ಗಂಡಸಿನ ಕತೆ.

ಎಲ್ಲಕ್ಕಿಂತ ವಿಚಿತ್ರವಾಗಿ ಹುಟ್ಟಿದ್ದು ಕತೆಯ ದೆವ್ವ ಬಾಬ್. ಆ ಪಾತ್ರ ಮಾಡಿದ ಫ್ರಾಂಕ್ ಸಿಲ್ವಾ ಅಲ್ಲಿಗೆ ಬಂದದ್ದು ನಟರಾಗಿ ಅಲ್ಲ, ಸೆಟ್ ಸಜ್ಜುಗೊಳಿಸಲು. ಲಾರಾಳ ಕೋಣೆಯಲ್ಲಿ ಪೀಠೋಪಕರಣ ಸರಿಸುತ್ತಿದ್ದವರನ್ನು ಕಂಡು ಲಿಂಚ್‌ಗೆ ಏನೋ ಹೊಳೆಯಿತು, ಮಂಚದ ಕಾಲಿನ ಬಳಿ ಕುಕ್ಕರಗಾಲಲ್ಲಿ ಕೂರಿಸಿ ಒಂದು ಶಾಟ್ ತೆಗೆದುಕೊಂಡರು. ಅದನ್ನು ಎಲ್ಲಿ ಬಳಸಬೇಕೆಂದು ಅವರಿಗೇ ಗೊತ್ತಿರಲಿಲ್ಲ. ಬಳಿಕ ಲಾರಾಳ ತಾಯಿ ಬೆಚ್ಚಿ ಕಿರುಚುವ ದೃಶ್ಯ ತೆಗೆಯುವಾಗ ಗೋಡೆಯ ಕನ್ನಡಿಯಲ್ಲಿ ಸಿಲ್ವಾರ ಬಿಂಬ ಅಕಸ್ಮಾತ್ತಾಗಿ ಮೂಡಿತು. ಬೇರೆ ನಿರ್ದೇಶಕರಾಗಿದ್ದರೆ ಮತ್ತೊಂದು ಟೇಕ್ ಅನ್ನುತ್ತಿದ್ದರು, ಲಿಂಚ್ ಖುಷಿಪಟ್ಟರು. ಹೀಗೆ ಆ ದೆವ್ವ ಯಾರ ಪೂರ್ವಯೋಜನೆಯೂ ಇಲ್ಲದೆ ಕನ್ನಡಿಯ ದಾರಿಯಲ್ಲಿ ಒಳಬಂತು.

ಲಾರಾಳನ್ನು ಕೊಂದವರು ಯಾರೆಂದು ಲಿಂಚ್‌ಗೆ ಎಂದೂ ಹೇಳುವ ಮನಸ್ಸಿರಲಿಲ್ಲ. ವಾಹಿನಿ ಬಿಡಲಿಲ್ಲ. 1990ರ ನವೆಂಬರ್ 10ರಂದು ಲಾರಾಳ ತಂದೆ, ವಕೀಲ ಲೀಲ್ಯಾಂಡ್ ಪಾಮರ್ ಕನ್ನಡಿಯ ಮುಂದೆ ನಿಂತು ಟೈ ಸರಿಮಾಡಿಕೊಳ್ಳುತ್ತಾನೆ. ಕನ್ನಡಿಯಲ್ಲಿ ಕಾಣುವುದು ಬಾಬ್‌ನ ಮುಖ. ನಂತರ ಮ್ಯಾಡಿಯ ಕೊಲೆ. ಕ್ಷಣಕ್ಕೊಮ್ಮೆ ತಂದೆ, ಕ್ಷಣಕ್ಕೊಮ್ಮೆ ಬಾಬ್. ಟಿವಿಯಲ್ಲಿ ನಾನು ಕಂಡ ಅತ್ಯಂತ ಕ್ರೂರ ನಿಮಿಷಗಳು ಅವು. ರಕ್ತಕ್ಕಿಂತ ಹೆಚ್ಚಾಗಿ ಆ ಮುಖ ಬದಲಾಗುವುದೇ ತಡೆದುಕೊಳ್ಳಲು ಆಗುವುದಿಲ್ಲ. ಈ ಪ್ರೀತಿಯ ಚಿಕ್ಕಪ್ಪ ಅಳುತ್ತ, ಮುದ್ದಿಸುತ್ತ ಕೊಲ್ಲುತ್ತಿದ್ದಾನೆ.

ಎರಡು ಕಂತುಗಳ ಬಳಿಕ ಲೀಲ್ಯಾಂಡ್ ಲಾಕಪ್ಪಿನಲ್ಲಿ ಸಾಯುತ್ತಾನೆ. ಕೂಪರ್, ಶೆರಿಫ್, ಊರಿನ ಮೇಜರ್ ಬ್ರಿಗ್ಸ್, ಕೂಪರ್‌ನ ಸಹೋದ್ಯೋಗಿ ಆಲ್ಬರ್ಟ್ ಕಾಡಿನಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಾರೆ. ಬಾಬ್ ನಿಜವಾದ ಪಿಶಾಚಿಯೋ? ತನ್ನ ಮಗಳನ್ನೇ ಕೆಡಿಸಿ ಕೊಂದ ತಂದೆಯನ್ನು ನಂಬುವುದಕ್ಕಿಂತ ಪಿಶಾಚಿಯನ್ನು ನಂಬುವುದು ಸುಲಭವೋ? ಎಲ್ಲರಿಗಿಂತ ಒರಟನಾದ ಆಲ್ಬರ್ಟ್, ಮನುಷ್ಯರು ಮಾಡುವ ಕೇಡಿಗೇ ನಾವು ಬಾಬ್ ಎಂದು ಹೆಸರಿಟ್ಟಿರಬಹುದು ಎಂಬರ್ಥದ ಮಾತಾಡುತ್ತಾನೆ. ಅಲ್ಲಿಗೆ ಆ ಮಾತು ನಿಲ್ಲುತ್ತದೆ, ಊರು ಕಾಫಿ ಕುಡಿಯಲು ಹೊರಡುತ್ತದೆ.

‘ಟ್ವಿನ್ ಪೀಕ್ಸ್’ನ ಸಂದಿಗ್ಧವನ್ನು ಬಿಡಿಸಲು ಹೊರಟವರು ಎಡವುವುದು ಇಲ್ಲೇ ಎಂದು ನನಗನಿಸುತ್ತದೆ. ಬಾಬ್ ನಿಜ ಅಂದರೆ ಲೀಲ್ಯಾಂಡ್ ಪಾರಾದ. ಬಾಬ್ ಬರೀ ರೂಪಕ ಅಂದರೆ ಲಾರಾ ವರ್ಷಗಟ್ಟಲೆ ತನ್ನ ಕಿಟಕಿಯಲ್ಲಿ ಕಂಡ ಮುಖ ಸುಳ್ಳಾಯಿತು. ಯಾವ ಕಡೆ ವಾಲಿದರೂ ಯಾರಿಗೋ ಅನ್ಯಾಯ. ಇಬ್ಬಗೆ ಇಲ್ಲಿ ಚಮತ್ಕಾರಕ್ಕೆ ಬಂದದ್ದಲ್ಲ, ಹೊಣೆ ಯಾರದು ಅನ್ನುವ ಪ್ರಶ್ನೆ ತಣ್ಣಗಾಗದಂತೆ ನೋಡಿಕೊಳ್ಳಲು ಬಂದದ್ದು. ಲಿಂಚ್ ಅದನ್ನು 1992ರ ‘ಫೈರ್ ವಾಕ್ ವಿತ್ ಮೀ’ ಸಿನಿಮಾದಲ್ಲಿ ಇನ್ನೂ ಬಿಸಿ ಮಾಡಿದರು. ಅಲ್ಲಿ ಒಗಟಿಲ್ಲ, ತಮಾಷೆಯ ಊರಿಲ್ಲ, ಲಾರಾಳ ಕೊನೆಯ ಏಳು ದಿನಗಳಿವೆ. ಊಟದ ಮೇಜಿನಲ್ಲಿ ಕೈ ತೊಳೆದಿಲ್ಲವೆಂದು ಮಗಳ ಬೆರಳು ಹಿಡಿದು ಹಿಂಸಿಸುವ ಲೀಲ್ಯಾಂಡ್‌ನ ಮುಖದಲ್ಲಿ ಬಾಬ್ ಕಾಣುವುದಿಲ್ಲ, ಅಪ್ಪನೇ ಕಾಣುತ್ತಾನೆ. ಆಗ ಗಲ್ಲಾಪೆಟ್ಟಿಗೆಯಲ್ಲಿ ಸೋತ ಆ ಸಿನಿಮಾ ಇಡೀ ಸರಣಿಯ ಹೃದಯ.

1991ರ ಜೂನ್‌ನಲ್ಲಿ ಬಂದ ಎರಡನೇ ಸೀಸನ್ನಿನ ಕೊನೆಯ ಕಂತಿನಲ್ಲಿ ಒಳ್ಳೆಯ ಕೂಪರ್ ಕಪ್ಪು ಲಾಡ್ಜ್‌ನಲ್ಲಿ ಸಿಕ್ಕಿಬೀಳುತ್ತಾನೆ, ಅವನ ಕೆಟ್ಟ ಪ್ರತಿರೂಪ ಹೊರಬಂದು ಹೋಟೆಲಿನ ಬಚ್ಚಲುಮನೆಯ ಕನ್ನಡಿಗೆ ತಲೆ ಚಚ್ಚಿಕೊಂಡು ನಗುತ್ತದೆ. 25 ವರ್ಷಗಳ ನಂತರ ಕಾಣುತ್ತೇನೆ ಎಂದು ಲಾರಾ ಹೇಳಿದ್ದಳು. 2017ರಲ್ಲಿ ಶೋಟೈಮ್ ವಾಹಿನಿಯಲ್ಲಿ 18 ಭಾಗಗಳ ‘ದಿ ರಿಟರ್ನ್’ ಬಂತು. ಕೈಲ್ ಮ್ಯಾಕ್‌ಲಾಕ್ಲನ್ ಈಗ ಮೂರು ಜನ: ಚರ್ಮದ ಜಾಕೆಟ್ಟಿನ ಕೊಲೆಗಡುಕ, ಲಾಸ್ ವೇಗಸ್‌ನಲ್ಲಿ ಮಾತೇ ಮರೆತಂತೆ ಓಡಾಡುವ ಡಗಿ, ಮತ್ತು ನಾವು ಕಾಯುತ್ತಿದ್ದ ಕೂಪರ್. ಆ ಕೂಪರ್ ಪೂರ್ತಿ ಎಚ್ಚರವಾಗುವುದು 16ನೇ ಭಾಗದಲ್ಲಿ. ಎಂಟನೇ ಭಾಗ 1945ರ ಜುಲೈ 16ಕ್ಕೆ ಹೋಗಿ, ನ್ಯೂ ಮೆಕ್ಸಿಕೋದ ಮೊದಲ ಅಣುಸ್ಫೋಟದ ಹೊಗೆಯೊಳಕ್ಕೆ ಕ್ಯಾಮೆರಾವನ್ನೇ ನುಗ್ಗಿಸುತ್ತದೆ. ಅಲ್ಲಿ ಬಾಬ್‌ನ ಮುಖ ತೇಲುತ್ತದೆ. ಒಂದು ಮನೆಯ ಪಾಪಕ್ಕೆ ಒಂದು ದೇಶದ ಪಾಪವನ್ನೇ ಜೋಡಿಯಾಗಿ ನಿಲ್ಲಿಸಿದ ಆ ಒಂದು ಗಂಟೆಯನ್ನು ಎಷ್ಟು ಹೊಗಳಿದರೂ ಸಾಲದು.

ಹದಿನಾಲ್ಕನೇ ಭಾಗದಲ್ಲಿ ಮೋನಿಕಾ ಬೆಲೂಚಿ ಒಂದು ಕನಸಿನೊಳಗೆ ಬಂದು, ಈ ಕನಸು ಕಾಣುತ್ತಿರುವವರು ಯಾರು ಎಂದು ಕೇಳುತ್ತಾರೆ. ಅದು ನಮಗೆ ದೂರದ ಮಾತಲ್ಲ. ಲಿಂಚ್ 1973ರಿಂದ ಮಹರ್ಷಿ ಮಹೇಶ ಯೋಗಿಯವರ ಭಾವಾತೀತ ಧ್ಯಾನ ಮಾಡುತ್ತಿದ್ದವರು. ‘ಇನ್‌ಲ್ಯಾಂಡ್ ಎಂಪೈರ್’ ಸಿನಿಮಾ ತೋರಿಸುವಾಗ, ತಾನೇ ನೇಯ್ದ ಬಲೆಯಲ್ಲಿ ಓಡಾಡುವ ಜೇಡ, ತಾನೇ ಕಂಡ ಕನಸಿನೊಳಗೆ ಬದುಕುವ ಮನುಷ್ಯ ಎಂಬ ಮಾತನ್ನು ಉಪನಿಷತ್ತಿನದೆಂದು ಓದಿ ಹೇಳುತ್ತಿದ್ದರು. ಹಾಗೆಂದು ಎಲ್ಲವೂ ಮಾಯೆ ಎಂದು ಕೈತೊಳೆದುಕೊಳ್ಳುವುದು ನಮ್ಮಂಥವರ ಸೋಮಾರಿತನವಷ್ಟೇ. ಬಲೆ ತಾನೇ ನೇಯ್ದದ್ದಾದರೆ, ಅದರಲ್ಲಿ ಸಿಕ್ಕಿ ಸತ್ತ ನೊಣದ ಲೆಕ್ಕವೂ ಜೇಡದ್ದೇ.

ಕೊನೆಯ ಎರಡು ಭಾಗಗಳು 2017ರ ಸೆಪ್ಟೆಂಬರ್ 3ರಂದು ಒಟ್ಟಿಗೆ ಬಂದವು. ಮೊದಲನೆಯದರಲ್ಲಿ ತೋಟದ ಕೆಲಸದ ಹಸಿರು ಕೈಗವಸು ತೊಟ್ಟ ಒಬ್ಬ ಹುಡುಗ ಬಾಬ್‌ನನ್ನು ಗುದ್ದಿ ಪುಡಿಮಾಡುತ್ತಾನೆ. ಇಷ್ಟು ಸುಲಭವೇ ಎಂದು ನಗು ಬರುತ್ತದೆ, ಬರಲಿ ಎಂದೇ ಹಾಗೆ ಮಾಡಿದ್ದಾರೆ. ಎರಡನೆಯದರಲ್ಲಿ, ಕಾಲದಲ್ಲಿ ಹಿಂದೆ ಹೋಗಿ ಲಾರಾಳನ್ನು ಉಳಿಸಿದೆನೆಂದುಕೊಂಡ ಕೂಪರ್, ಟೆಕ್ಸಾಸ್‌ನ ಒಡೆಸ್ಸಾದಲ್ಲಿ ಅದೇ ಮುಖದ ಕ್ಯಾರಿ ಪೇಜ್‌ಳನ್ನು ಹುಡುಕಿ ಲಾರಾಳ ತಾಯಿಯ ಮನೆಗೆ ಕರೆತರುತ್ತಾನೆ. ಬಾಗಿಲು ತೆರೆದವಳಿಗೆ ಪಾಮರ್ ಎಂಬ ಹೆಸರೇ ಗೊತ್ತಿಲ್ಲ. ಆ ಪಾತ್ರ ಮಾಡಿದವರು ಎವರೆಟ್ ಊರಿನಲ್ಲಿರುವ ಆ ಮನೆಯ ನಿಜವಾದ ಒಡತಿ. ಇದು ಯಾವ ವರ್ಷ ಎಂದು ಕೂಪರ್ ಕೇಳುತ್ತಾನೆ, ಕ್ಯಾರಿ ಲಾರಾಳ ದನಿಯಲ್ಲಿ ಚೀರುತ್ತಾಳೆ.

ಲಿಂಚ್ 2025ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಇದನ್ನು ವಿವರಿಸಲಿಲ್ಲ. ವಿವರಿಸಲು ಕೂತದ್ದು ಜೋಡಿಯ ಇನ್ನೊಬ್ಬ, ಮಾರ್ಕ್ ಫ್ರಾಸ್ಟ್. ಅವರ ‘ದಿ ಫೈನಲ್ ಡೋಸಿಯೆ’ ಪುಸ್ತಕದಲ್ಲಿ ಕೂಪರ್‌ನ ಸಾಹಸದ ಫಲ ದಾಖಲಾಗಿದೆ: ಹಳೆಯ ಪತ್ರಿಕೆಗಳಲ್ಲಿ ಲಾರಾ ಈಗ ಕೊಲೆಯಾದವಳಲ್ಲ, ಕಾಣೆಯಾದವಳು. ಊರವರ ನೆನಪು ಮಸುಕು. ಆದರೆ ಕೊಲೆಯೇ ನಡೆಯದ ಆ ಲೋಕದಲ್ಲೂ ವರ್ಷ ತುಂಬುವ ಹೊತ್ತಿಗೆ ಲೀಲ್ಯಾಂಡ್ ಪಾಮರ್ ಆತ್ಮಹತ್ಯೆ ಮಾಡಿಕೊಂಡಿದ್ದಾನೆ. ಕೊಲೆಯನ್ನು ಅಳಿಸಬಹುದಾದ ಕೂಪರ್‌ಗೂ ಅದಕ್ಕೂ ಹಿಂದಿನ ವರ್ಷಗಳಲ್ಲಿ ಆ ಮನೆಯಲ್ಲಿ ನಡೆದದ್ದನ್ನು ಅಳಿಸಲು ಆಗಿಲ್ಲ.