ಜಿನ್‌ ರುಚಿಯ ಗುಟ್ಟು

ಪ್ರಶ್ನೆ: ಒಂದೊಂದು ಬ್ರ್ಯಾಂಡಿನ ಜಿನ್‌ಗೆ ಒಂದೊಂದು ರುಚಿ ಏಕೆ? ಮಾರ್ಟಿನಿಗೆ ಯಾವುದು ಒಪ್ಪುತ್ತದೆ?

ಉತ್ತರ: ಜಿನ್‌ಗೆ ಮೂಲ, ಹೆಚ್ಚುಕಡಿಮೆ ರುಚಿಯೇ ಇಲ್ಲದ ಮದ್ಯಸಾರ. ಅದಕ್ಕೆ ಜುನಿಪರ್ ಕಾಯಿ, ಕೊತ್ತಂಬರಿ ಬೀಜ, ಏಂಜೆಲಿಕಾ ಬೇರು, ನಿಂಬೆ ಸಿಪ್ಪೆಯಂಥವನ್ನು ಸೇರಿಸಿ ಮತ್ತೆ ಭಟ್ಟಿ ಇಳಿಸುತ್ತಾರೆ. ಆವಿಯೊಡನೆ ಅವುಗಳ ಸುಗಂಧ ತೈಲವೂ ಮೇಲೇರಿ, ತಣಿದು, ಜಿನ್‌ನಲ್ಲಿ ಉಳಿಯುತ್ತದೆ. ಸಾಮಗ್ರಿ ಬಹುಪಾಲು ಒಂದೇ ಆದರೂ ಅಳತೆ ಬೇರೆ. ಮನೆಮನೆಯ ಸಾರಿನ ಪುಡಿಯ ಘಮ ಬೇರೆಯಾಗುವುದೂ ಹೀಗೆಯೇ. ಟ್ಯಾಂಕರೇ ಲಂಡನ್ ಡ್ರೈನಲ್ಲಿ ನಾಲ್ಕೇ ಸಾಮಗ್ರಿ. ಜುನಿಪರ್ ಘಾಟು ಎದ್ದು ಕಾಣುತ್ತದೆ. ಬಾಂಬೆ ಸಫೈರ್‌ನಲ್ಲಿ 10. ಅವನ್ನು ಮದ್ಯಸಾರದಲ್ಲಿ ಮುಳುಗಿಸದೆ ಆವಿಯನ್ನಷ್ಟೇ ಹಾಯಿಸುವುದರಿಂದ ಪರಿಮಳ ನವಿರು. ಹೆಂಡ್ರಿಕ್ಸ್‌ಗೆ ಕಡೆಯಲ್ಲಿ ಸೌತೆಕಾಯಿ, ಗುಲಾಬಿಯ ಸಾರ ಸೇರುತ್ತದೆ.

ಮಾರ್ಟಿನಿಯಲ್ಲಿ ಜಿನ್‌ ಜೊತೆಗಿರುವುದು ತುಸು ಡ್ರೈ ವರ್ಮೂತ್ ಎಂಬ ವೈನ್ ಮಾತ್ರ. ಐಸ್‌ ಹಾಕಿ ಕಲಕುವಾಗ ನೀರು ಬೆರೆಯುತ್ತದೆ, ತಂಪಿಗೆ ಘಮವೂ ಕುಗ್ಗುತ್ತದೆ. ಹಾಗಾಗಿ ಜುನಿಪರ್ ಗಟ್ಟಿಯಾಗಿರುವ, ಮದ್ಯಸಾರ ಶೇ. 43ರ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚಿರುವ ಲಂಡನ್ ಡ್ರೈ ಬಗೆಯ ಜಿನ್‌ ಒಳ್ಳೆಯದು. ಟಾನಿಕ್ ನೀರು ಬೆರೆಸಿ ಕುಡಿಯುವಾಗ ಅದರ ಕ್ವಿನೈನ್ ಕಹಿಯ ಎದುರೂ ಇಂಥ ಜಿನ್‌ ಮಂಕಾಗುವುದಿಲ್ಲ. ಒಂದೇ ಬಾಟಲಿ ಕೊಳ್ಳುವುದಾದರೆ ಟ್ಯಾಂಕರೇ ಕೊಳ್ಳಿ; ಮಾರ್ಟಿನಿ, ಟಾನಿಕ್ ಎರಡಕ್ಕೂ ಸಲ್ಲುತ್ತದೆ.