ಮರೆವು ಸೋಮಾರಿತನ ಅಲ್ಲ



ಸ್ಕಿಜೋಫ್ರೀನಿಯಾ ಅಂದಕೂಡಲೇ ನಮಗೆ ನೆನಪಾಗುವುದು ಒಬ್ಬರೇ ಮಾತಾಡುವುದು, ಯಾರೂ ಇಲ್ಲದೆ ದನಿ ಕೇಳಿಸುವುದು, ಇಲ್ಲದ ಅನುಮಾನ. ಮಾತ್ರೆಯಿಂದ ಇವು ಎಷ್ಟೋ ಜನರಿಗೆ ಕಡಿಮೆಯಾಗುತ್ತವೆ. ಆಮೇಲೂ ಮನೆಯವರ ದೂರು ನಿಲ್ಲುವುದಿಲ್ಲ: "ಮೂರು ಸಾಮಾನು ಹೇಳಿದ್ರೆ ಒಂದು ತರ್ತಾನೆ, ಅರ್ಧ ಕೆಲಸಕ್ಕೇ ಎದ್ದು ಹೋಗ್ತಾನೆ, ಬರೀ ಸೋಮಾರಿ."

ಇದು ಸೋಮಾರಿತನವಲ್ಲ. ಈ ಕಾಯಿಲೆಯೇ ನೆನಪು, ಗಮನ, ಮುಂದಾಲೋಚನೆ, ಕೇಳಿದ್ದನ್ನು ಬೇಗ ಗ್ರಹಿಸುವ ಶಕ್ತಿ ಇವನ್ನೆಲ್ಲ ಕುಗ್ಗಿಸುತ್ತದೆ. ಎಷ್ಟೋ ಸಲ ದನಿ ಕೇಳಿಸುವ ಮೊದಲೇ ಇದು ಶುರುವಾಗಿರುತ್ತದೆ. ಮಾತ್ರೆಗಳು ದನಿಯನ್ನು ತಗ್ಗಿಸಿದಷ್ಟು ಇದನ್ನು ಸರಿಮಾಡುವುದಿಲ್ಲ. ಬೈದರೆ ನೆನಪು ಬರುತ್ತದೆಯೇ?

ಆಯಸ್ಸಿಗೂ ಇದಕ್ಕೂ ಸಂಬಂಧವಿದೆ. 2017ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ಈ ಕಾಯಿಲೆಯವರು ಸರಾಸರಿ 14-15 ವರ್ಷ ಆಯಸ್ಸು ಕಳೆದುಕೊಳ್ಳುತ್ತಾರೆ ಎಂದು ಕಂಡುಬಂತು. ಆತ್ಮಹತ್ಯೆ ಒಂದು ಕಾರಣ, ನಿಜ. ಆದರೆ ಹೆಚ್ಚಿನ ಸಾವು ಹೃದಯ, ಶ್ವಾಸಕೋಶ, ಸಕ್ಕರೆ ಕಾಯಿಲೆಯಂಥವುಗಳಿಂದ. ಬೀಡಿ, ಸಿಗರೇಟು ಒಂದು ಕಡೆ. ಕೆಲವು ಮಾತ್ರೆಗಳಿಂದ ತೂಕ, ಸಕ್ಕರೆ ಏರುವುದು ಇನ್ನೊಂದು ಕಡೆ. ಇದರ ಮೇಲೆ ಮರೆವು: ಬಿಪಿ ಮಾತ್ರೆ ತಪ್ಪುತ್ತದೆ, ಆಸ್ಪತ್ರೆಯ ತಾರೀಖು ದಾಟುತ್ತದೆ, ಎದೆನೋವನ್ನು ಬಿಡಿಸಿ ಹೇಳಲು ಬರುವುದಿಲ್ಲ. ಹೇಳಿದರೂ "ಅವಳದ್ದು ಇದ್ದದ್ದೇ" ಅಂತ ಸುಮ್ಮನಾಗುವವರೇ ಜಾಸ್ತಿ.

ತೂಕ ಏರಿತೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಫಿನ್ಲೆಂಡ್ ದೇಶದಲ್ಲಿ 60 ಸಾವಿರಕ್ಕೂ ಹೆಚ್ಚು ರೋಗಿಗಳನ್ನು 20 ವರ್ಷದವರೆಗೆ ಗಮನಿಸಿದಾಗ, ಮಾತ್ರೆ ತೆಗೆದುಕೊಳ್ಳುತ್ತಿದ್ದ ಸಮಯದಲ್ಲೇ ಸಾವು ಕಡಿಮೆ ಇತ್ತು. ವೈದ್ಯರಿಗೆ ಹೇಳಿ, ಬೇರೆ ಮಾತ್ರೆ ಕೊಡಬಹುದು.

ಮನೆಯಲ್ಲಿ ಮಾಡುವಂಥದ್ದು ದೊಡ್ಡದೇನಿಲ್ಲ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಮಾತ್ರೆಯನ್ನು ಊಟದ ತಟ್ಟೆ ಜೊತೆಗೇ ಇಡಿ. ಸಂಘದ ಸಾಲದ ಕಂತಿನ ದಿನ ಮರೆಯದ ನಾವು ಆಸ್ಪತ್ರೆಯ ದಿನವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಬಹುದಲ್ಲ! ತೂಕ, ಬಿಪಿ, ಸಕ್ಕರೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡಿಸಿ. ಹೂ ಕಟ್ಟುವುದೋ, ದನ ನೋಡಿಕೊಳ್ಳುವುದೋ, ಬರುವ ಕೆಲಸವನ್ನು ಬಿಡಿಸಬೇಡಿ. ದಿನವೂ ನಡೆಯಲು ಜೊತೆಗೆ ಕರೆದುಕೊಂಡು ಹೋಗಿ.

ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ಹಳ್ಳಿಯ ರೋಗಿಗಳನ್ನು ಹುಡುಕಿ ಊರ ಹತ್ತಿರವೇ ಚಿಕಿತ್ಸೆ ಕೊಡಿಸಿ, ವರ್ಷಗಟ್ಟಲೆ ವಿಚಾರಿಸಿಕೊಂಡಿದ್ದಾರೆ. ನಮ್ಮಲ್ಲೂ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಸಾಯುವ ಮಾತು ಆಡಿದರೆ ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸಲಹೆಗೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಫೋನ್ ಮಾಡಬಹುದು, ಹಣವಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.