ಚೆಕ್ ಐತಿ, ಆದ್ರ ಸಾಕೇನು?

ನವಲಗುಂದ, ಅಣ್ಣಿಗೇರಿ ಕಡೆ ಎರಿಹೊಲದಾಗ ದುಡಿಯೋ ಟ್ರ್ಯಾಕ್ಟರಿಗೆ ಎಷ್ಟು ತಾಸು ಓಡೇತಿ ಅಂತ ತೋರಿಸೋ ಮೀಟರ್ ಇರ್ತೈತಿ. ಅದು ನಾಕೇ ಅಂಕಿಯ ಮೀಟರ್ ಅಂತ ಇಟ್ಕೊಳ್ರಿ. 9999 ಆದ ಮ್ಯಾಲೆ 0000. ಟ್ರ್ಯಾಕ್ಟರ್ ಹೊಸಾದು ಆಗಿಲ್ಲ, ಮೀಟರಿನ್ಯಾಗ ಜಾಗ ಮುಗದೈತಿ. "3000 ತಾಸಿಗಿಂತ ಕಡಿಮಿ ಓಡಿದ್ರ ತಗೋತೀನಿ" ಅನ್ನೋ ಗಿರಾಕಿ 0200 ನೋಡಿ ರೊಕ್ಕ ಎಣಿಸ್ತಾನ. ಅಂವ ಚೆಕ್ ಮಾಡಿದ್ದು ಖರೆ. ಆದ್ರ ನೋಡಿದ ಅಂಕಿನ ಸುಳ್ಳು.

ಡ್ರೈವರ್ ಕೋಡಿನಲ್ಲೂ ಹೀಗೇ ಆಗುತ್ತದೆ. ಕ್ಯಾಮೆರಾ, ಪ್ರಿಂಟರ್‌ನಂಥ ಸಾಧನಗಳ ಜೊತೆ ಆಪರೇಟಿಂಗ್ ಸಿಸ್ಟಮ್ ಮಾತಾಡುವುದು ಡ್ರೈವರ್ ಮೂಲಕ. ಒಂದು ಪ್ರೋಗ್ರಾಮ್ ಬಂದು "ಇಷ್ಟು ರೆಕಾರ್ಡ್ ಬೇಕು" ಅಂತ ಕೇಳಿತು ಅನ್ನೋಣ. ಒಂದು ರೆಕಾರ್ಡ್ 16 ಬೈಟ್. 'ಕೌಂಟ್ × 16' ಅನ್ನೋದು 4096 ದಾಟಿದರೆ ಡ್ರೈವರ್ ಒಲ್ಲೆ ಅನ್ನುತ್ತದೆ. ಚೆಕ್ ಸರಿ ಅದ ಅನಿಸ್ತದಲ್ಲ? ಈಗ ಕೌಂಟ್ 26,84,35,457 ಕೊಡಿ. ಗುಣಿಸಿದರೆ 4,29,49,67,312. ಆದರೆ 32 ಬಿಟ್‌ನ ಅನ್‌ಸೈನ್ಡ್ ಇಂಟಿಜರ್ ಹಿಡಿಯುವುದು 4,29,49,67,295ರ ತನಕ ಮಾತ್ರ. ಸುತ್ತು ಹೊಡೆದು ಉಳಿಯುವುದು ಬರೀ 16. ಚೆಕ್ ಪಾಸ್! ಸಿಕ್ಕ ಮೆಮರಿ 16 ಬೈಟ್, ಲೂಪ್ ಬರೆಯಲು ಹೊರಡುವುದು 26 ಕೋಟಿಗೂ ಹೆಚ್ಚು ರೆಕಾರ್ಡ್. ಲಿನಕ್ಸ್‌ನ ಹೆಚ್ಚಿನ ಡ್ರೈವರ್‌ಗಳು ಕರ್ನಲ್ ಒಳಗೇ ಓಡುವುದರಿಂದ, ಅಲ್ಲಿ ಪಕ್ಕದ ಮೆಮರಿ ಕೆಟ್ಟರೆ ಇಡೀ ಮಷೀನ್ ಬೀಳಬಹುದು, ಇಲ್ಲವೇ ಹ್ಯಾಕರ್ ಕೈಗೆ ಹೋಗಬಹುದು.

ಹಂಗಾಗಿ ರಿವ್ಯೂ ಮಾಡುವಾಗ ನಾವು ಮೂರು ಪ್ರಶ್ನೆ ಕೇಳಬೇಕು.

ಒಂದು, ಅಂಕಿ ಎಲ್ಲಿಂದ ಬಂತು? ಪ್ರೋಗ್ರಾಮ್ ಕೊಟ್ಟಿದ್ದಿರಲಿ, ಸಾಧನ ಕೊಟ್ಟಿದ್ದಿರಲಿ, ಹೊರಗಿನದನ್ನು ನಂಬುವಂತಿಲ್ಲ.

ಎರಡು, ಸೈನ್ಡೋ ಅನ್‌ಸೈನ್ಡೋ? ಸೈನ್ಡ್ ಆಗಿದ್ದರೆ ಮೈನಸ್ 1 ಕೂಡ "4096ಕ್ಕಿಂತ ಕಡಿಮೆ" ಅಂತ ಒಳಗೆ ಬರುತ್ತದೆ. ಮುಂದೆ ಅದೇ 32 ಬಿಟ್‌ನ ಅನ್‌ಸೈನ್ಡ್ ಆದಾಗ 4,29,49,67,295 ಆಗಿ ಕೂಡುತ್ತದೆ.

ಮೂರು, ಚೆಕ್ ಒಳಗಿನ ಲೆಕ್ಕವೇ ಸುತ್ತು ಹೊಡೆಯುತ್ತದಾ? ಗುಣಿಸಿ ನೋಡುವ ಬದಲು ಮಿತಿಯನ್ನೇ ಭಾಗಿಸಿ. 4096 ಭಾಗಿಸು 16 ಅಂದ್ರೆ 256. ಕೌಂಟ್ 256 ದಾಟಿದರೆ ಅಲ್ಲೇ ವಾಪಸ್. ಇಲ್ಲಿ ಸುತ್ತು ಹೊಡೆಯೋ ಪ್ರಶ್ನೆನ ಬರೂದಿಲ್ಲ.

ದೊಡ್ಡವರೂ ಇದನ್ನು ಬರೀ ಕಣ್ಣಿಗೆ ಬಿಟ್ಟಿಲ್ಲ. 2018ರ ಲಿನಕ್ಸ್ 4.18ರಲ್ಲಿ, ಮೆಮರಿ ಕೇಳುವಾಗ ನೇರವಾಗಿ ಗುಣಿಸುತ್ತಿದ್ದ ಎಷ್ಟೋ ಸಾಲುಗಳನ್ನು ಕೀಸ್ ಕುಕ್ ಅವರು 'ಕೆಮ್ಯಾಲಾಕ್ ಅರೇ'ಯಂಥ ಫಂಕ್ಷನ್‌ಗಳಿಗೆ ಬದಲಾಯಿಸಿದರು. ಗುಣಲಬ್ಧ ಮಿತಿ ಮೀರಿದರೆ ಆ ಫಂಕ್ಷನ್ ಮೆಮರಿ ಕೊಡೂದೇ ಇಲ್ಲ.

ಕೋಡಿನ್ಯಾಗ 'ಇಫ್' ಕಂಡ ಕೂಡ್ಲೇ ಮುಂದ ಹೋಗಬ್ಯಾಡ್ರಿ. ಮೇಲಿನ ಗುಣಾಕಾರನ ಸಿ ಲ್ಯಾಬಿನ್ಯಾಗ ಒಮ್ಮೆ ಪ್ರಿಂಟ್ ಮಾಡಿ ನೋಡ್ರಿ.